ಸುಣ್ಣ ಬಳಿದ್ರೂ ತೊಟ್ಟಿ ಲೋಳೆ ಮತ್ತೆ ಮತ್ತೆ ಬರ್ತಿದ್ಯಾ? ತಪ್ಪು ಎಲ್ಲಿದೆ ಅಂತ ಹುಡುಕೋದು ಹೀಗೆ

ನಮ್ಮದು ಶಿರಸಿ ಕಡೆ, ಅಡಿಕೆ ತೋಟದ ಜೊತೆ ನಾಲ್ಕು ದನ ಇದಾವೆ. ಕೊಟ್ಟಿಗೆ ಹಿಂದೆ ದನಕ್ಕೆ ನೀರು ಕುಡಿಯೋಕೆ ಅಂತ ಸಿಮೆಂಟ್ ತೊಟ್ಟಿ ಕಟ್ಟಿದೀವಿ, 400 ಲೀಟರ್ ಹಿಡಿಯತ್ತೆ, ಗುಡ್ಡದ ಅಬ್ಬಿ ನೀರು ಪೈಪಲ್ಲಿ ತಾನಾಗೇ ಇಳಿದು ಬಂದು ತುಂಬತ್ತೆ. ಹದಿನೈದು ದಿನಕ್ಕೊಂದ್ಸಲ ತೊಟ್ಟಿ ಖಾಲಿ ಮಾಡಿ ಒಳಗೆ ಸುಣ್ಣ ಬಳಿಯೋದು ಅಪ್ಪನ ಕಾಲದಿಂದ ನಡೆದು ಬಂದಿದ್ದು, ಪಶುವೈದ್ಯರೂ ಅದನ್ನೇ ಹೇಳ್ತಾರೆ. ಆದ್ರೆ ಹೋದ ಬೇಸಿಗೇಲಿ ಏನಾಯ್ತು ಅಂದ್ರೆ, ಸುಣ್ಣ ಬಳಿದು ತೊಳೆದು ನೀರು ಬಿಟ್ಟ ನಾಲ್ಕೇ ದಿನಕ್ಕೆ ಒಳಗೋಡೆ ಮೇಲೆ ಕೈ ಇಟ್ರೆ ಮೀನಿನ ಮೈ ಮುಟ್ಟಿದ ಹಾಗೆ ಜಾರ್ತಿತ್ತು, ದನ ಮೂತಿ ಹಾಕಿ ಮೂಸಿ ಹಾಗೇ ತಲೆ ಎತ್ತಿಬಿಡ್ತಿದ್ವು. ಎರಡು ತಿಂಗಳು ಇದೇ ಗೋಳು. ಮತ್ತೆ ಸುಣ್ಣ, ಮತ್ತೆ ಲೋಳೆ.

ಆಮೇಲೆ ಒಂದೊಂದಾಗಿ ಹುಡುಕ್ತಾ ಹೋದಾಗ ಗೊತ್ತಾಗಿದ್ದು ಇಷ್ಟು, ಸುಣ್ಣದಲ್ಲಿ ಶಕ್ತಿ ಇಲ್ಲ ಅಂತಲ್ಲ, ನಾವು ಹಾಕ್ತಿದ್ದಿದ್ದು ಸುಣ್ಣಾನೇ ಆಗಿರ್ಲಿಲ್ಲ, ಜೊತೆಗೆ ಲೋಳೆಯ ತವರು ತೊಟ್ಟಿ ಒಳಗೇ ಇರ್ಲಿಲ್ಲ. ನಿಮ್ಮ ಮನೇಲೂ ಹೀಗೇ ಆಗ್ತಿದ್ರೆ ನಾನು ಹೋದ ದಾರೀಲೇ ಹೋಗಿ ನೋಡಿ, ಸುಲಭದ ಪರೀಕ್ಷೆ ಮೊದಲು, ಕೆಲಸ ಜಾಸ್ತಿ ಇರೋದು ಕೊನೆಗೆ.

ಮೊದಲು ಅದು ಯಾವ ಲೋಳೆ ಅಂತ ನೋಡ್ಕೊಳ್ಳಿ

ಎಲ್ಲ ಜಾರೋದೂ ಒಂದೇ ಅಲ್ಲ. ಹಸಿರಾಗಿದ್ದು ಬಿಸಿಲು ಬೀಳೋ ಕಡೆ ಮಾತ್ರ ದಪ್ಪ ಇದ್ರೆ ಅದು ಪಾಚಿ, ಅದಕ್ಕೆ ಬೆಳಕು ಬೇಕು, ತೊಟ್ಟಿ ಮೇಲೆ ಒಂದು ತಗಡೋ ಸೋಗೆಯೋ ಹಾಕಿ ನೆರಳು ಮಾಡಿದ್ರೆ ಅರ್ಧ ಕೆಲಸ ಮುಗೀತು. ಬಣ್ಣ ಇಲ್ದೆ, ಅಥವಾ ಬೂದು, ಕಂದು ಬಣ್ಣಕ್ಕೆ, ನೆರಳಲ್ಲೂ ಕತ್ತಲಲ್ಲೂ ಬೆಳೆಯೋದು ಬ್ಯಾಕ್ಟೀರಿಯಾದ ಲೋಳೆಪದರ, ಬಯೋಫಿಲ್ಮ್ ಅಂತಾರಲ್ಲ ಅದು. ನಾನು ಬರೀತಿರೋದು ಮುಖ್ಯವಾಗಿ ಇದರ ಬಗ್ಗೆನೇ.

ಇನ್ನೊಂದು ಜಾತಿ ನಮ್ಮ ಕೆಂಪು ಚೀರೆಕಲ್ಲಿನ ಸೀಮೇಲಿ ಜಾಸ್ತಿ, ತುಕ್ಕಿನ ಬಣ್ಣದ ಮೆತ್ತನೆ ಕೆಸರು, ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣ ಬಣ್ಣದ ಪೊರೆ. ಯಾರೋ ಡೀಸೆಲ್ ಚೆಲ್ಲಿದಾರೆ ಅಂತ ಹೆದರೋರು ಇದಾರೆ. ಒಂದು ಕಡ್ಡಿ ತಗೊಂಡು ಆ ಪೊರೆ ಚುಚ್ಚಿ ನೋಡಿ, ಒಣಗಿದ ಕೆರೆ ತಳ ಬಿರುಕು ಬಿಟ್ಟ ಹಾಗೆ ಚೂರು ಚೂರಾಗಿ ಒಡೆದು ಹಾಗೇ ನಿಂತ್ರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕೆಲಸ, ಸುತ್ತಿ ಬಂದು ಮತ್ತೆ ಕೂಡ್ಕೊಂಡ್ರೆ ಎಣ್ಣೆ. ಕಬ್ಬಿಣದ್ದಾದ್ರೆ ತೊಟ್ಟಿಗೆ ಏನು ಬಳಿದ್ರೂ ಅದು ನೀರಿನ ಮೂಲದಿಂದ ಬರ್ತಾನೇ ಇರತ್ತೆ, ನೀರಲ್ಲಿರೋ ಕಬ್ಬಿಣ ಮೊದಲೇ ಗಾಳಿಗೆ ಬಿಟ್ಟು ಸೋಸೋ ವ್ಯವಸ್ಥೆ ಆಗ್ಬೇಕು, ಅದು ಬೇರೆ ಕಥೆ.

ಸುಣ್ಣ ಜೀವಂತ ಇದ್ಯಾ?

ಶೇಕಡಾ ಲೆಕ್ಕ ಎಲ್ಲ ಗೊತ್ತಿಲ್ಲ, ಆದ್ರೆ ನಾನು ಕಂಡ ಮನೆಗಳಲ್ಲಿ ತಪ್ಪು ಇಲ್ಲೇ ಇದ್ದಿದ್ದು ಜಾಸ್ತಿ, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಸುಣ್ಣ ಮಾಡೋದು ಸುಣ್ಣದಕಲ್ಲಿಂದಾಗ್ಲಿ ಚಿಪ್ಪಿಯಿಂದಾಗ್ಲಿ, ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಭಟ್ಟೀಲಿ 900 ಡಿಗ್ರಿ ಹತ್ತಿರ ಸುಟ್ಟಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಹೋಗಿ ಸುಟ್ಟ ಸುಣ್ಣ ಉಳಿಯತ್ತೆ, ಅದಕ್ಕೆ ನೀರು ಸೇರಿದ್ರೆ ಬುಸುಬುಸು ಅಂತ ಕುದ್ದು ಅರಳಿದ ಸುಣ್ಣ ಆಗತ್ತೆ. ಕ್ರಿಮಿ ಕೊಲ್ಲೋದು ಈ ಅರಳಿದ ಸುಣ್ಣದ ಖಾರ, ಅಂದ್ರೆ ಕ್ಷಾರ ಗುಣ. ಹುಳಿ, ಖಾರ ಅಳೆಯೋ ಪಿಎಚ್ ಲೆಕ್ಕದಲ್ಲಿ (7 ಅಂದ್ರೆ ಎರಡೂ ಅಲ್ಲ, ಮೇಲೆ ಹೋದಷ್ಟೂ ಖಾರ) ಇದರ ತಿಳಿ ನೀರು 12.4 ಇರತ್ತೆ, ಆ ಖಾರಕ್ಕೆ ಬ್ಯಾಕ್ಟೀರಿಯಾದ ಹೊರಪೊರೆ, ಪ್ರೋಟೀನು ಎಲ್ಲ ಕೆಟ್ಟು ಹೋಗತ್ತೆ. ಆದ್ರೆ ಇದೇ ಅರಳಿದ ಸುಣ್ಣ ಗಾಳಿಗೆ ಬಿದ್ದಿದ್ರೆ ಗಾಳೀಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕೊಂಡು ವಾಪಸ್ ಕಲ್ಲಾಗತ್ತೆ, ಎಲ್ಲಿಂದ ಹೊರಟಿತ್ತೋ ಅಲ್ಲಿಗೇ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗೋದೂ ಇದರಿಂದಾನೇ, ಗೋಡೆಗೆ ಅದು ಒಳ್ಳೇದು. ಆದ್ರೆ ಚೀಲದಲ್ಲೇ ಅದು ನಡೆದುಬಿಟ್ರೆ ನಿಮ್ಮ ಕೈಯಲ್ಲಿರೋದು ಸೀಮೆಸುಣ್ಣದಂಥ ಬಿಳಿ ಪುಡಿ. ಬಣ್ಣ ಅದೇ, ಮುಟ್ಟಿದ್ರೆ ಮೆತ್ತನೆ ಅದೇ, ಕ್ರಿಮಿಗೆ ಮಾತ್ರ ಏನೂ ಆಗಲ್ಲ.

ನಮ್ಮನೇಲಿ ಆಗಿದ್ದೂ ಇದೇ. ಹಿಂದಿನ ಮಳೆಗಾಲಕ್ಕೆ ಅಡಿಕೆಗೆ ಹೊಡೆಯೋ ಬೋರ್ಡೊ ದ್ರಾವಣ ಮಾಡೋಕೆ ತಂದ ಸುಣ್ಣದಲ್ಲಿ ಅರ್ಧ ಚೀಲ ಉಳಿದಿತ್ತು, ಬಾಯಿ ಕಟ್ಟದೇ ಅಟ್ಟದ ಮೇಲೆ ಇಟ್ಟಿದ್ವಿ. ಒಂದಿಡೀ ಮಳೆಗಾಲದ ತೇವ ಹೀರಿ ಹೆಂಟೆ ಹೆಂಟೆ ಆಗಿತ್ತು, ಅದನ್ನೇ ಕುಟ್ಟಿ ಕಲಸಿ ಬಳೀತಿದ್ವಿ.

ಪರೀಕ್ಷೆ ಮಾಡೋಕೆ ಮನೇಲಿರೋದೇ ಸಾಕು. ಒಂದು ಚಿಟಿಕೆ ಒಣ ಸುಣ್ಣ ಸ್ಟೀಲ್ ತಟ್ಟೇಲಿ ಹಾಕಿ ಮೇಲೆ ನಿಂಬೆಹಣ್ಣು ಹಿಂಡಿ. ಸೋಡಾ ಬಾಟ್ಲಿ ಬಿಚ್ಚಿದ ಹಾಗೆ ಜೋರಾಗಿ ಗುಳ್ಳೆ ಬಂದ್ರೆ ಅದು ಸತ್ತ ಸುಣ್ಣ, ಕಾರ್ಬೊನೇಟ್ ಆಗಿ ಹೋಗಿದೆ. ಒಳ್ಳೇ ಸುಣ್ಣ ಸದ್ದಿಲ್ದೆ ಕರಗತ್ತೆ, ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದ್ರೆ ಪರವಾಗಿಲ್ಲ, ಪೂರ್ತಿ ಶುದ್ಧ ಸುಣ್ಣ ಅಂಗಡೀಲಿ ಸಿಗೋದೂ ಕಷ್ಟ.

ಇನ್ನೊಂದು ಶಾಲೇಲಿ ಮಾಡಿದ್ದೇ, ಸುಣ್ಣ ಕದಡಿಟ್ಟು ಮೇಲಿನ ತಿಳಿ ಮಾತ್ರ ಒಂದು ಗ್ಲಾಸಿಗೆ ಬಗ್ಗಿಸ್ಕೊಂಡು ಪಪ್ಪಾಯಿ ಎಲೆ ದಂಟಿಂದ ಮೆಲ್ಲಗೆ ಊದೋದು. ಅರ್ಧ ನಿಮಿಷದಲ್ಲಿ ನೀರು ಹಾಲಾದ್ರೆ ಸುಣ್ಣ ಬದುಕಿದೆ, ಎಷ್ಟು ಊದಿದ್ರೂ ತಿಳಿ ತಿಳಿಯಾಗೇ ಇದ್ರೆ ಆ ಚೀಲ ಅಂಗಳಕ್ಕೆ ಚೆಲ್ಲಿ. ಊದೋದು ಮಾತ್ರ, ಅಪ್ಪಿತಪ್ಪಿ ಎಳೀಬೇಡಿ, ಬಾಯಿ ಸುಡತ್ತೆ, ಮಕ್ಕಳ ಕೈಗೆ ಕೊಡಲೇಬೇಡಿ. ಇನ್ನೂ ಸುಲಭದ ಗುರುತು ಅಂದ್ರೆ ಕದಡಿಟ್ಟ ಸುಣ್ಣದ ಬಕೆಟ್ ಮೇಲೆ ಬೆಳಗಾಗೋದ್ರೊಳಗೆ ಹಾಲಿನ ಕೆನೆ ಥರ ತೆಳ್ಳಗೆ ಬಿಳಿ ಪೊರೆ ಕಟ್ಟಿರ್ಬೇಕು, ಬೆರಳಿಂದ ಮುಟ್ಟಿದ್ರೆ ಪುಡಿಪುಡಿಯಾಗಿ ಒಡೀಬೇಕು.

ಅರಿಶಿನದ ಪರೀಕ್ಷೆ ಬಗ್ಗೆ ಎಲ್ರೂ ಹೇಳ್ತಾರೆ, ಅರಿಶಿನ ಸುಣ್ಣ ಸೇರಿದ್ರೆ ಆರತಿ ನೀರು ಕೆಂಪಾಗತ್ತಲ್ಲ ಅದು. ಆದ್ರೆ ಇಲ್ಲಿ ಮೋಸ ಹೋಗೋ ಸಾಧ್ಯತೆ ಇದೆ. ಅರಿಶಿನ ಪಿಎಚ್ 8, 9ರ ಹತ್ತಿರಾನೇ ಕೆಂಪಿಗೆ ತಿರುಗೋಕೆ ಶುರು ಮಾಡತ್ತೆ, ನಮಗೆ ಬೇಕಾಗಿರೋದು 12. ಮುಕ್ಕಾಲು ಸತ್ತ ಸುಣ್ಣಾನೂ ಅರಿಶಿನಾನ ಕೆಂಪು ಮಾಡಿಬಿಡತ್ತೆ. ಹಾಗಾಗಿ ಅರಿಶಿನ ಕೆಂಪಾಗ್ಲಿಲ್ಲ ಅಂದ್ರೆ ಸುಣ್ಣ ಖಂಡಿತ ಸತ್ತಿದೆ ಅನ್ನಬಹುದು, ಕೆಂಪಾಯ್ತು ಅಂತ ಮಾತ್ರಕ್ಕೆ ಸುಣ್ಣ ಗಟ್ಟಿ ಇದೆ ಅಂತ ಅನ್ನೋಕಾಗಲ್ಲ. ಸರಿಯಾಗಿ ತಿಳೀಬೇಕು ಅಂದ್ರೆ ಲ್ಯಾಬ್ ಸಾಮಾನಿನ ಅಂಗಡೀಲಿ 1ರಿಂದ 14ರವರೆಗಿನ ಪಿಎಚ್ ಪೇಪರ್ ಸಿಗತ್ತೆ, ಒಂದು ಪುಸ್ತಕ ತಂದಿಟ್ಕೊಂಡ್ರೆ ವರ್ಷಗಟ್ಟಲೆ ಬರತ್ತೆ.

ಇಡೋದು ಹೇಗೆ ಅಂತ ಎಲೆ ಅಡಿಕೆ ಹಾಕೋ ಹಿರಿಯರನ್ನ ನೋಡಿ ಕಲೀಬೇಕು, ಡಬ್ಬಿ ಸುಣ್ಣ ಒಣಗೋಕೇ ಬಿಡಲ್ಲ ಅವರು, ದಿನಾ ಎರಡು ತೊಟ್ಟು ನೀರು ಹಾಕಿ ಮುಚ್ಚಳ ಹಾಕಿಡ್ತಾರೆ. ನಾವೂ ಈಗ ಸುಟ್ಟ ಸುಣ್ಣ ತಂದ ದಿನಾನೇ ಅರಳಿಸಿ ಮೇಲೆ ನಾಲ್ಕು ಬೆರಳು ನೀರು ನಿಲ್ಲೋ ಹಾಗೆ ಮುಚ್ಚಳದ ಡ್ರಮ್ಮಲ್ಲಿ ಇಡ್ತೀವಿ, ನೀರಡಿ ಇರೋ ಸುಣ್ಣ ಕೆಡಲ್ಲ. ಅರಳಿಸುವಾಗ ನೀರಿಗೆ ಸುಣ್ಣ ಸ್ವಲ್ಪ ಸ್ವಲ್ಪ ಹಾಕ್ಬೇಕು, ಸುಣ್ಣದ ಮೇಲೆ ಒಮ್ಮೆಗೇ ನೀರು ಸುರಿದ್ರೆ ಕುದ್ದು ಮುಖಕ್ಕೇ ಸಿಡಿಯತ್ತೆ. ತೆಳು ಪ್ಲಾಸ್ಟಿಕ್ ಬಕೆಟ್ ಬೇಡ, ಬಿಸಿಗೆ ಮೆತ್ತಗಾಗಿ ಬಾಗತ್ತೆ, ಕಬ್ಬಿಣದ ಡ್ರಮ್ಮೇ ಸರಿ. ಕಣ್ಣಿಗೆ ಕನ್ನಡಕ ಹಾಕ್ಕೊಳ್ಳಿ ದಯವಿಟ್ಟು. ಎಲೆ ಅಡಿಕೆ ಸುಣ್ಣದ ಸಣ್ಣ ಪ್ಯಾಕೆಟ್ ಒತ್ತಿ ಸಿಡಿದೇ ಎಷ್ಟೋ ಮಕ್ಕಳು ಕಣ್ಣು ಕಳ್ಕೊಂಡಿದಾರೆ ನಮ್ಮ ದೇಶದಲ್ಲಿ. ಕಣ್ಣಿಗೆ ಬಿತ್ತು ಅಂದ್ರೆ ಉಜ್ಜದೇ, ಮನೆಮದ್ದು ಹುಡುಕದೇ, ಇಪ್ಪತ್ತು ನಿಮಿಷ ಹರಿಯೋ ನೀರಲ್ಲಿ ತೊಳೀತಾನೇ ಇದ್ದು ರೆಪ್ಪೆ ಒಳಗಿನ ಸುಣ್ಣದ ಕಾಳು ಹೋಗೋ ಹಾಗೆ ಮಾಡಿ ಸೀದಾ ಆಸ್ಪತ್ರೆಗೆ ಓಡಿ.

ಸುಣ್ಣ ಹೊಸದೇ, ಆದ್ರೂ ಲೋಳೆ ಹೋಗ್ತಿಲ್ಲ

ಹಾಗಾದ್ರೆ ತಿಕ್ಕಿದ್ದು ಸಾಲ್ಲಿಲ್ಲ. ಇದನ್ನ ಒಪ್ಪೋಕೆ ನನಗೂ ಸ್ವಲ್ಪ ದಿನ ಹಿಡೀತು. ಸುಣ್ಣ ಸಾಯಿಸತ್ತೆ, ಕಿತ್ತು ತೆಗೆಯಲ್ಲ. ಕಿತ್ತು ತೆಗೆಯೋದು ಬ್ರಷ್ಷು.

ಬ್ಯಾಕ್ಟೀರಿಯಾ ನೀರಲ್ಲಿ ಒಂಟಿಯಾಗಿ ತೇಲ್ತಿದ್ದಾಗ ಅದನ್ನ ಕೊಲ್ಲೋದು ಸುಲಭ. ಗೋಡೆಗೆ ಅಂಟ್ಕೊಂಡ ಮೇಲೆ ಅದು ಸಕ್ಕರೆಯಂಥ ಅಂಟು, ಪ್ರೋಟೀನು ಎಲ್ಲ ಸುರಿಸಿ ತನ್ನ ಸುತ್ತ ಒಂದು ಲೋಳೆಯ ಮನೆ ಕಟ್ಕೊಳ್ಳತ್ತೆ, ಒಂದರ ಮೇಲೊಂದು ಪದರ. ಹಾಗೆ ಮನೆ ಕಟ್ಟಿದ ಬ್ಯಾಕ್ಟೀರಿಯಾ ಒಂಟಿಯಾಗಿದ್ದಾಗಿಗಿಂತ ನೂರು ಪಟ್ಟು, ಕೆಲವು ಸಲ ಸಾವಿರ ಪಟ್ಟು ಔಷಧಿ ತಡ್ಕೊಳ್ಳತ್ತೆ. ಇದು ಹೊಸ ವಿಷಯ ಏನಲ್ಲ. 1680ರ ದಶಕದಲ್ಲೇ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲಿನ ಕೊಳೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ವಿನೆಗರ್ ಹಾಕಿ ಬಾಯಿ ತೊಳೆದ್ರೆ ಕೊಳೆಯ ಹೊರಗಡೆ ಇರೋ ಜೀವಿಗಳು ಮಾತ್ರ ಸಾಯತ್ವೆ, ಒಳಗಿನವು ಹಾಗೇ ಇರತ್ವೆ ಅಂತ ಬರೆದಿದ್ದ. ನಮ್ಮ ತೊಟ್ಟೀಲೂ ಅದೇ ಕಥೆ, ಲೋಳೆ ಮೇಲೆ ಸುಣ್ಣ ಬಳಿದ್ರೆ ಮೇಲಿನ ಪದರ ಸಾಯತ್ತೆ, ಅಡಿಯಲ್ಲಿರೋದು ಆ ಸತ್ತ ಪದರದ ಮರೇಲಿ ಕೂತು ನಾಲ್ಕು ದಿನಕ್ಕೆ ಮತ್ತೆ ಮೇಲೇಳತ್ತೆ.

ಇನ್ನೂ ಒಂದು ಗಮನಿಸ್ಬೇಕಾದ ವಿಷಯ ಇದೆ. ಸುಣ್ಣದಲ್ಲಿರೋ ಕ್ಯಾಲ್ಸಿಯಂ ಕೆಲವು ಜಾತಿ ಲೋಳೆಯ ಎಳೆಗಳನ್ನ ಒಂದಕ್ಕೊಂದು ಬೆಸೆದು ಗಟ್ಟಿ ಮಾಡತ್ತೆ. ಖಾರ ಸಾಕಷ್ಟಿದ್ರೆ ಅದು ಲೆಕ್ಕಕ್ಕೆ ಬರಲ್ಲ, ಬ್ಯಾಕ್ಟೀರಿಯಾ ಸತ್ತೇ ಹೋಗಿರತ್ತೆ. ಆದ್ರೆ ಸತ್ತ ಸುಣ್ಣಾನೋ ನೀರು ನೀರಾದ ಸುಣ್ಣಾನೋ ಹಾಕಿದ್ರೆ ಖಾರ ಇಲ್ಲ, ಕ್ಯಾಲ್ಸಿಯಂ ಮಾತ್ರ ಹೋಗತ್ತೆ, ಅಂದ್ರೆ ನಾವೇ ಲೋಳೆಗೆ ಗಾರೆ ಹಾಕಿ ಕೊಟ್ಟ ಹಾಗೆ. ಅರೆಬರೆ ಸುಣ್ಣಕ್ಕಿಂತ ಬರೀ ತಿಕ್ಕಿ ತೊಳೆಯೋದೇ ವಾಸಿ ಅಂತ ನಾನು ಹೇಳೋದು ಅದಕ್ಕೆ.

ತಿಕ್ಕೋಕೆ ತೆಂಗಿನ ನಾರಿನ ಗಟ್ಟಿ ಬ್ರಷ್ ಸಾಕು. ತಂತಿ ಬ್ರಷ್ ಹಾಕಿದ್ರೆ ಸಿಮೆಂಟ್ ಮೇಲೆ ಗೀರು ಬೀಳತ್ತೆ, ಮುಂದಿನ ಸಲ ಲೋಳೆ ಹಿಡ್ಕೊಳ್ಳೋಕೆ ಆ ಗೀರೇ ಜಾಗ. ಮೂಲೆಗಳಿಗೆ ಹಳೇ ಹಲ್ಲುಜ್ಜೋ ಬ್ರಷ್. ತಿಕ್ಕಿ ಆದ್ಮೇಲೆ ಆ ನೀರು ಪೂರ್ತಿ ಹೊರಗೆ ಹೋಗ್ಬೇಕು, ಇಲ್ಲಾಂದ್ರೆ ಕಿತ್ತಿದ್ದು ಮತ್ತೆ ಅಲ್ಲೇ ಕೂರತ್ತೆ. ಸಾಕಾಯ್ತಾ ಅಂತ ತಿಳಿಯೋಕೆ ಬಿಳಿ ಬಟ್ಟೆ ತುಂಡು ಒದ್ದೆ ಮಾಡಿ ಗೋಡೆ ಮೇಲೆ ಒತ್ತಿ ಎಳೀರಿ, ಬಟ್ಟೆ ಮೇಲೆ ಕಂದು ಗೆರೆ ಬಂತಾ, ಇನ್ನೊಂದು ಸುತ್ತು ತಿಕ್ಕಿ. ಬೆರಳಿಗೆ ಸಿಮೆಂಟಿನ ತರಿತರಿ ಸಿಗ್ಬೇಕು, ಜಾರಬಾರ್ದು.

ನೀರು ತುಂಬಿಸಿ ಸುಣ್ಣ ಹಾಕೋರಿಗೆ

ಅಕ್ಕನ್ನ ಕೊಟ್ಟಿದ್ದು ತುಮಕೂರು ಕಡೆ, ಅಲ್ಲಿ ಬೋರ್‌ವೆಲ್ ನೀರು, ಗಡಸು. ಭಾವ ಒಂದ್ಸಲ ಫೋನ್ ಮಾಡಿದಾಗ ಅವರೂ ಇದನ್ನೇ ಹೇಳಿದ್ರು, ಸಾವಿರ ಲೀಟರ್ ತೊಟ್ಟಿಗೆ ಸುಣ್ಣ ಹಾಕಿದ್ರೂ ಏನೂ ಆಗ್ತಿಲ್ಲ ಅಂತ. "ಎಷ್ಟು ಹಾಕಿದ್ರಿ ಭಾವ?" ಅಂದೆ. "ಎರಡು ಮುಷ್ಟಿ ಹಾಕಿದೀನಪ್ಪ, ನೀರೆಲ್ಲ ಬೆಳ್ಳಗಾಯ್ತು, ಇನ್ನೆಷ್ಟು ಹಾಕ್ಬೇಕು?" ಅಂದ್ರು.

ನೀರು ಬೆಳ್ಳಗಾಗಿದ್ದೇ ತೊಂದರೆಯ ಗುರುತು. ಗಡಸು ನೀರಲ್ಲಿ ಬೈಕಾರ್ಬೊನೇಟ್ ಇರತ್ತೆ, ಹಾಕಿದ ಸುಣ್ಣ ಮೊದಲು ಅದರ ಜೊತೆ ಸೇರಿ ಸುಣ್ಣದಕಲ್ಲಿನ ಪುಡಿಯಾಗಿ ತಳಕ್ಕೆ ಇಳಿಯತ್ತೆ. ಲೆಕ್ಕ ಹಾಕಿ ನೋಡಿದೆ, ನೀರಿನ ರಿಪೋರ್ಟಲ್ಲಿ ಆಲ್ಕಲಿನಿಟಿ, ಅಂದ್ರೆ ಆ ಬೈಕಾರ್ಬೊನೇಟಿನ ಅಳತೆ, ಲೀಟರಿಗೆ 300 ಮಿಲಿಗ್ರಾಂ ಅಂತ ಇದ್ರೆ, ಸಾವಿರ ಲೀಟರಲ್ಲಿ ಸುಮಾರು 220 ಗ್ರಾಂ ಶುದ್ಧ ಅರಳಿದ ಸುಣ್ಣ ಬರೀ ಅದಕ್ಕೇ ಹೋಗತ್ತೆ, ಆಮೇಲೆ ಹಾಕಿದ್ದು ಖಾರ ಏರಿಸೋಕೆ ಶುರು ಮಾಡತ್ತೆ. ಪಿಎಚ್ 12 ಮುಟ್ಬೇಕು ಅಂದ್ರೆ ಅದರ ಮೇಲೆ ಇನ್ನೂ ಅರ್ಧ ಕೆಜಿ ಹತ್ತಿರ ಬೇಕು. ಮುಷ್ಟಿ ಪುಡಿ ಸುಣ್ಣ 100 ಗ್ರಾಂ ಕೂಡ ತೂಗಲ್ಲ, ಭಾವ ಹಾಕಿದ್ದೆಲ್ಲ ಗಡಸುತನಕ್ಕೇ ಖರ್ಚಾಗಿ ಹೋಗಿತ್ತು. ಬಿಸಿ ನೀರಲ್ಲಿ ಜಾಸ್ತಿ ಕರಗಬಹುದು ಅಂತ ಕುದಿಸಿ ಹಾಕೋರೂ ಇದಾರೆ, ಸುಣ್ಣ ಸಕ್ಕರೆ ಹಾಗಲ್ಲ, ಬಿಸಿ ಹೆಚ್ಚಾದಷ್ಟೂ ಕಡಿಮೆ ಕರಗತ್ತೆ. 20 ಡಿಗ್ರಿ ನೀರಲ್ಲಿ ಲೀಟರಿಗೆ 1.7 ಗ್ರಾಂ ಕರಗಿದ್ರೆ ಕುದಿಯೋ ನೀರಲ್ಲಿ ಅದರ ಅರ್ಧಕ್ಕಿಂತ ಕಡಿಮೆ.

ಹಾಗಾಗಿ ತುಂಬಿದ ತೊಟ್ಟಿಗೆ ಸುಣ್ಣ ಹಾಕೋದೇ ಬೇಡ ಅಂದೆ. ಖಾಲಿ ಮಾಡಿ ತಿಕ್ಕಿ, ಮಜ್ಜಿಗೆ ಹದಕ್ಕಿಂತ ಸ್ವಲ್ಪ ಗಟ್ಟಿ ಸುಣ್ಣ ಗೋಡೆಗೆ ಬಳಿದ್ರೆ ಎರಡು ಕೆಜೀಲಿ ಕೆಲಸ ಮುಗಿಯತ್ತೆ, ಕರಗದೇ ಉಳಿದ ಸುಣ್ಣ ಅಲ್ಲೇ ಅಂಟಿದ್ದು ಖಾರ ಕಡಿಮೆಯಾದ ಹಾಗೆ ಮತ್ತೆ ಕರಗಿ ಕೊಡ್ತಾ ಇರತ್ತೆ.

ಬಳಿದು ಎಷ್ಟೊತ್ತು ಬಿಟ್ರಿ?

ಬಳಿದ ಅರ್ಧ ಗಂಟೆಗೇ ತೊಳೆದ್ರೆ ಸಾಲಲ್ಲ, ಅದೇ ರೀತಿ ಬಿಸಿಲಿಗೆ ಒಣಗೋಕೆ ಬಿಟ್ರೂ ಪ್ರಯೋಜನ ಇಲ್ಲ, ಒಣಗಿದ್ರೆ ಖಾರದ ಕೆಲಸ ಅಲ್ಲಿಗೇ ನಿಲ್ಲತ್ತೆ. ಎಷ್ಟು ಹೊತ್ತು ಬೇಕು ಅಂತ ಅಂದಾಜಿಗೆ, ಅಮೆರಿಕದಲ್ಲಿ ಚರಂಡಿ ಕೆಸರಿಗೆ ಸುಣ್ಣ ಹಾಕಿ ಶುದ್ಧ ಮಾಡೋಕೆ 1993ರಲ್ಲಿ ಮಾಡಿದ ನಿಯಮದಲ್ಲಿ ಪಿಎಚ್ 12ರಲ್ಲಿ 2 ಗಂಟೆ, ಆಮೇಲೆ 22 ಗಂಟೆ 11.5ಕ್ಕಿಂತ ಕೆಳಗೆ ಇಳೀಬಾರ್ದು ಅಂತ ಇದೆ. ತೊಟ್ಟಿ ಗೋಡೆ ಕೆಸರಿನಷ್ಟು ದಪ್ಪ ಅಲ್ಲ, ಆದ್ರೂ ನಾನು ಸಂಜೆ ಬಳಿದು ಮೇಲೆ ಒದ್ದೆ ಗೋಣಿಚೀಲ ಹೊದೆಸಿ ಬೆಳಗಿನವರೆಗೂ ಬಿಡ್ತೀನಿ. ಗೋಣಿಚೀಲ ಎರಡು ಕೆಲಸ ಮಾಡತ್ತೆ, ಒಣಗೋಕೆ ಬಿಡಲ್ಲ, ಗಾಳಿನೂ ಅಷ್ಟಾಗಿ ತಾಗಿಸಲ್ಲ. ಆ ರಾತ್ರಿ ದನಕ್ಕೆ ಬೇರೆ ಬಕೆಟಲ್ಲಿ ನೀರು. ಒಂದು ಮಾತು, ಕೆಲವು ಬ್ಯಾಕ್ಟೀರಿಯಾ ಬೀಜದಂಥ ಗಟ್ಟಿ ರೂಪಕ್ಕೆ ಹೋಗತ್ವೆ, ಚಪ್ಪೆ ರೋಗದ್ದು, ನೆರಡಿ ರೋಗದ್ದು ಅಂಥವು, ಸುಣ್ಣದ ನೀರಿಗೆ ಅವು ಜಗ್ಗಲ್ಲ. ಊರಲ್ಲಿ ಅಂಥ ರೋಗ ಬಂದಿದ್ರೆ ಸುಣ್ಣ ನಂಬ್ಕೊಂಡು ಕೂರದೇ ಪಶು ಆಸ್ಪತ್ರೆಗೆ ತಿಳಿಸಿ.

ಎಲ್ಲ ಸರಿ ಮಾಡಿದ್ರೂ ನಾಲ್ಕನೇ ದಿನಕ್ಕೆ ವಾಪಸ್

ನನ್ನ ಕಥೇಲಿ ಎರಡನೇ ತಪ್ಪು ಸಿಕ್ಕಿದ್ದು ಇಲ್ಲಿ. ಹೊಸ ಸುಣ್ಣ ತಂದಾಯ್ತು, ತಿಕ್ಕಿದ್ದಾಯ್ತು, ರಾತ್ರಿಯಿಡೀ ಬಿಟ್ಟಾಯ್ತು, ನಾಲ್ಕು ದಿನದ ಬದಲು ಏಳು ದಿನ ಬಂತು ಅಷ್ಟೇ. ಆಗ ದಿನಾ ಬೆಳಗ್ಗೆ ಟಾರ್ಚ್ ಹಿಡ್ಕೊಂಡು ಒಳಗೆ ಕೈಯಾಡಿಸಿ ನೋಡೋಕೆ ಶುರು ಮಾಡಿದೆ, ಲೋಳೆ ಮೊದಲು ಎಲ್ಲಿ ಹುಟ್ಟತ್ತೆ ಅಂತ. ಮೂರನೇ ದಿನ ಗೊತ್ತಾಯ್ತು, ಇಡೀ ತೊಟ್ಟಿ ತರಿತರಿ ಇದೆ, ಪೈಪಿನ ಬಾಯಿ ಕೆಳಗೆ ಮಾತ್ರ ಒಂದು ಗೇಣು ಅಗಲಕ್ಕೆ ಜಾರ್ತಿದೆ, ಅಲ್ಲಿಂದ ಬಾಲದ ಹಾಗೆ ಕೆಳಗೆ ಇಳಿದಿದೆ. ಬಾಲ್ ವಾಲ್ವ್ ಬಿಚ್ಚಿದೆ. ಒಳಗಿನ ರಬ್ಬರ್ ವಾಷರ್ ಮೇಲೆ ಕಪ್ಪು ಲೋಳೆ, ಬೆಣ್ಣೆ ಮೆತ್ತಿದ ಹಾಗೆ. ಪೈಪಿನೊಳಗೆ ಬೆರಳು ಹಾಕಿ ಉಗುರಲ್ಲಿ ಕೆರೆದ್ರೆ ಉಗುರು ಸಂದೀಲಿ ಕಪ್ಪಗೆ ತುಂಬ್ಕೊಂಡು ಬಂತು, ಕೊಳೆತ ಎಲೆ ವಾಸನೆ. ಗುಡ್ಡದ ಮೇಲೆ ಅಬ್ಬಿ ಬಾಯಿಗೆ ಕಟ್ಟಿದ ಜಾಲರಿ ಹರಿದು ವರ್ಷಾನೇ ಆಗಿತ್ತೋ ಏನೋ, ಎಲೆ ಕಸ ಎಲ್ಲ ಒಳಗೆ ಬಂದು ಪೈಪ್ ಪೂರ್ತಿ ಲೋಳೆಗೆ ಊಟ ಹಾಕ್ತಿತ್ತು. ನಾನು ತೊಟ್ಟಿಗೆ ಎಷ್ಟು ಸುಣ್ಣ ಬಳಿದ್ರೂ ಪೈಪಿಂದ ದಿನಾ ಹೊಸ ಬೀಜ ಬೀಳ್ತಾನೇ ಇತ್ತು.

ಪೈಪಿಗೆ ಸುಣ್ಣದ ನೀರು ಬಿಡೋಣ ಅಂತ ಅನ್ಸೋದು ಸಹಜ, ಬೇಡ. ಒಳಗೆ ಸುಣ್ಣದಕಲ್ಲು ಕಟ್ಟಿ ಪೈಪ್ ಕಿರಿದಾಗತ್ತೆ, ಆ ತರಿ ಮೇಲೆ ಲೋಳೆ ಇನ್ನೂ ಚೆನ್ನಾಗಿ ಹಿಡಿಯತ್ತೆ. ನಾನು ಮಾಡಿದ್ದು, ಕೊನೆಯ ಹತ್ತಡಿ ಪೈಪ್ ಕತ್ತರಿಸಿ ಹೊಸದು ಹಾಕಿದೆ, ಉಳಿದಿದ್ದಕ್ಕೆ ಕೆಳಗಿನ ತುದಿ ಬಿಚ್ಚಿ ಜೋರು ನೀರು ಬಿಟ್ಟು ತೊಳೆದೆ, ಹೆಂಟೆ ಹೆಂಟೆ ಕಪ್ಪಗೆ ಬಂತು, ತಿಳಿಯಾಗೋವರೆಗೂ ಬಿಟ್ಟೆ. ಆಮೇಲೆ ಬ್ಲೀಚಿಂಗ್ ಪೌಡರ್ 100 ಲೀಟರಿಗೆ 15-20 ಗ್ರಾಂ ಲೆಕ್ಕದಲ್ಲಿ ಕರಗಿಸಿ ತಿಳಿ ಮಾತ್ರ ಪೈಪಲ್ಲಿ ತುಂಬಿ ಒಂದು ರಾತ್ರಿ ಕಟ್ಟಿಟ್ಟೆ, ಬೆಳಗ್ಗೆ ವಾಸನೆ ಹೋಗೋವರೆಗೂ ತೊಳೆದೆ. ಬ್ಲೀಚಿಂಗ್ ಪೌಡರ್ ಕೂಡ ಅರಳಿದ ಸುಣ್ಣಕ್ಕೆ ಕ್ಲೋರಿನ್ ಕುಡಿಸಿ ಮಾಡೋದೇ, ಅದೂ ಡಬ್ಬಿ ತೆರೆದಿಟ್ರೆ ಸುಣ್ಣದ ಹಾಗೇ ಸಾಯತ್ತೆ. ಮೇಲೆ ಅಬ್ಬಿಗೆ ಹೊಸ ಜಾಲರಿ. ವಾಷರ್ ಹೊಸದು, ಹತ್ತು ರೂಪಾಯಿ. ಅದಾದ್ಮೇಲೆ ತೊಟ್ಟಿ 20 ದಿನ ನಿಂತಿತು.

ನಿಮ್ಮಲ್ಲೂ ಲೋಳೆ ಒಂದೇ ಜಾಗದಿಂದ ಶುರುವಾಗ್ತಿದ್ರೆ ತಪ್ಪು ಆ ಜಾಗದ ಹಿಂದೆ ಇದೆ, ಪೈಪು, ವಾಲ್ವು, ಗೋಡೆ ಬಿರುಕು, ಹೊರಗೆ ನೀರು ಬಿಡೋ ತೂಬಿನ ಬೆಣೆ. ಎಲ್ಲ ಕಡೆ ಒಟ್ಟಿಗೇ ತೆಳ್ಳಗೆ ಬರ್ತಿದ್ರೆ ಸುಣ್ಣಾನೋ ತಿಕ್ಕಿದ್ದೋ ಸಾಲ್ಲಿಲ್ಲ ಅಂತ. ದನದ ಬಾಯಿಯ ಜೊಲ್ಲು, ಹಿಂಡಿ ಚೂರು ಬೀಳೋ ಕಡೆ ಮಾತ್ರ ಬರ್ತಿದ್ರೆ ಹಿಂಡಿ ತಿಂದ ತಕ್ಷಣ ನೀರಿಗೆ ಬಿಡ್ತಿದೀರ ಅಂತ ಅರ್ಥ, ಮೂತಿ ಒಮ್ಮೆ ಒರೆಸಿ ಬಿಟ್ರೆ ಎಷ್ಟೋ ವ್ಯತ್ಯಾಸ.

ಹಾಲಿನ ಕ್ಯಾನಿಗೆ ಸುಣ್ಣ ಹಾಕ್ಬೇಡಿ

ತೊಟ್ಟಿಗೆ ಒಳ್ಳೇದಾಯ್ತು ಅಂತ ಕ್ಯಾನಿಗೂ ಹಾಕಿದೋರನ್ನ ನೋಡಿದೀನಿ. ಅಲ್ಯೂಮಿನಿಯಂ ಕ್ಯಾನನ್ನ ಸುಣ್ಣದ ಖಾರ ತಿಂದು ಹಾಕತ್ತೆ, ಕಪ್ಪಾಗಿ ಗುಂಡಿ ಗುಂಡಿ ಬೀಳತ್ತೆ, ಹೈಡ್ರೋಜನ್ ಗ್ಯಾಸ್ ಬೇರೆ ಬರತ್ತೆ. ಸ್ಟೀಲ್ ಕ್ಯಾನಿಗೆ ಹಾಗಾಗಲ್ಲ, ಆದ್ರೆ ಹಾಲಿನ ಪಾತ್ರೇಲಿ ಮೊದಲೇ ಹಾಲಿನ ಸುಣ್ಣಾಂಶ, ಪ್ರೋಟೀನು ಸೇರಿ ಹಳದಿ ಬಿಳುಪಿನ ಗಟ್ಟಿ ಪದರ ಕಟ್ಟತ್ತೆ, ಅದರಡೀಲಿ ಬ್ಯಾಕ್ಟೀರಿಯಾ ಇರತ್ತೆ, ಅದಕ್ಕೆ ಇನ್ನೂ ಸುಣ್ಣ ಸೇರಿಸೋದು ಉಪಕಾರ ಅಲ್ಲ. ಅಲ್ಲಿ ಬೇಕಾಗಿರೋದು ಉಗುರುಬೆಚ್ಚಗಿನ ನೀರಲ್ಲಿ ಮೊದಲು ಗಲಬರಿಸೋದು, ಕುದಿಯೋ ನೀರು ಹಾಕಿದ್ರೆ ಪ್ರೋಟೀನ್ ಅಂಟಿ ಕೂರತ್ತೆ, ತಣ್ಣೀರು ಹಾಕಿದ್ರೆ ಜಿಡ್ಡು ಹೆಪ್ಪುಗಟ್ಟತ್ತೆ. ಆಮೇಲೆ ಸೋಪು, ಬ್ರಷ್ಷು, ಬಿಸಿನೀರು, ವಾರಕ್ಕೊಂದ್ಸಲ ಹುಳಿ. ಸ್ಟೀಲಿಗೆ ನಿಂಬೆಹುಳಿ ಉಪ್ಪು ಅಂತ ಅಂಗಡೀಲಿ ಸಿಗೋ ಸಿಟ್ರಿಕ್ ಆಸಿಡ್ ಸಾಕು. ಬೋರಲು ಹಾಕಿ ಪೂರ್ತಿ ಒಣಗಿಸಿ, ತೇವ ಇಲ್ದ ಕಡೆ ಲೋಳೆ ಕಟ್ಟಲ್ಲ.

ಮೂರು ಕೂಡಿಕೆ ಮಾಡ್ಬೇಡಿ. ಸುಣ್ಣ ಇರೋ ಗೋಡೆ ಮೇಲೇ ಬ್ಲೀಚಿಂಗ್ ಹಾಕಿದ್ರೆ ಖಾರ ಹೆಚ್ಚಾಗಿ ಕ್ಲೋರಿನ್ ಮಂದ ಆಗತ್ತೆ, ಮಧ್ಯೆ ಚೆನ್ನಾಗಿ ತೊಳೀಲೇಬೇಕು. ಬ್ಲೀಚಿಂಗಿಗೆ ಹುಳಿ ಯಾವ ಕಾರಣಕ್ಕೂ ಸೇರ್ಬಾರ್ದು, ವಿಷದ ಗ್ಯಾಸ್ ಬರತ್ತೆ, ಮುಚ್ಚಿದ ಕೊಟ್ಟಿಗೇಲಂತೂ ಪ್ರಾಣಕ್ಕೇ ಅಪಾಯ. ಸುಣ್ಣಕ್ಕೆ ಹುಳಿ ಹಾಕಿದ್ರೆ ಎರಡೂ ದಂಡ. ಪ್ಲಾಸ್ಟಿಕ್ ಓವರ್‌ಹೆಡ್ ಟ್ಯಾಂಕಿಗೆ ಸುಣ್ಣ ಹಿಡಿಯೋದೇ ಇಲ್ಲ, ಜಾರಿ ಬೀಳತ್ತೆ, ಅಲ್ಲಿಗೆ ತಿಕ್ಕೋದು ಮತ್ತು ಬ್ಲೀಚಿಂಗೇ ಸರಿ. ಪಟಿಕ ಹಾಕಿದೀವಿ ಅಂತಾರೆ ಕೆಲವರು, ಪಟಿಕ ಕದಡಿದ ನೀರನ್ನ ತಿಳಿ ಮಾಡತ್ತೆ, ಗೋಡೆ ಲೋಳೆಗೆ ಅದು ಔಷಧಿ ಅಲ್ಲ.

ಕಲ್ಲು ಸುಣ್ಣವೋ ಚಿಪ್ಪಿ ಸುಣ್ಣವೋ

ಕೆಲಸದ ಲೆಕ್ಕದಲ್ಲಿ ಎರಡೂ ಒಂದೇ, ಚೆನ್ನಾಗಿ ಸುಟ್ಟಿರ್ಬೇಕು ಅಷ್ಟೇ. ಸರಿಯಾಗಿ ಬೇಯದ ಚೂರು ಅರಳಲ್ಲ, ಡ್ರಮ್ ತಳದಲ್ಲಿ ಕಲ್ಲಾಗಿ ಉಳಿಯತ್ತೆ, ಅದು ಕಾಲು ಭಾಗಕ್ಕಿಂತ ಜಾಸ್ತಿ ಇದ್ರೆ ಮುಂದಿನ ಸಲ ಬೇರೆ ಕಡೆ ತನ್ನಿ. ನನಗೆ ಚಿಪ್ಪಿ ಸುಣ್ಣದ ಮೇಲೆ ಪ್ರೀತಿ ಜಾಸ್ತಿ, ತಿಂದು ಎಸೆದ ಚಿಪ್ಪಿ ಸುಟ್ಟು ಮಾಡೋದಾದ್ರೆ ಗುಡ್ಡ ಒಡೆಯೋ ಕೆಲಸ ಇಲ್ಲ. ಜಪಾನಿನಲ್ಲಿ ಸ್ಕ್ಯಾಲಪ್ ಅನ್ನೋ ಚಿಪ್ಪಿ ಮೀನು ರಾಶಿ ರಾಶಿ ಬೆಳೀತಾರೆ, ಉಳಿದ ಚಿಪ್ಪು ಎಲ್ಲಿ ಹಾಕೋದು ಅನ್ನೋದೇ ಅಲ್ಲಿ ತಲೆನೋವು, ಅದನ್ನ ಸುಟ್ಟು ಪುಡಿ ಮಾಡಿ ತರಕಾರಿ ತೊಳೆಯೋಕೆ ಮಾರ್ತಾರೆ, ಬ್ಯಾಕ್ಟೀರಿಯಾ ಲೋಳೆ ಮೇಲೂ ಅಲ್ಲಿನ ಸಂಶೋಧಕರು ಪ್ರಯೋಗ ಮಾಡಿದಾರೆ. ನಮ್ಮ ಕುಮಟಾ ಕಡೆ ಅಘನಾಶಿನಿ ಅಳಿವೇಲಿ ಚಿಪ್ಪಿ ಹೆಕ್ಕಿ ಬದುಕೋ ಕುಟುಂಬಗಳು ಎಷ್ಟೋ ಇದಾವೆ. ಆದ್ರೆ ಅಳಿವೆ ತಳಾನೇ ಬಗೆದು ಹಳೇ ಚಿಪ್ಪು ಎತ್ತಿದ್ರೆ ಮರಿ ಚಿಪ್ಪಿ ಬೆಳೆಯೋ ಜಾಗಾನೇ ಹೋಗತ್ತೆ, ಅಂಥದ್ದನ್ನ ನೈಸರ್ಗಿಕ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ. ಸುಡುವಾಗ ಬರೋ ಹೊಗೆ, ಸೌದೆ ಖರ್ಚು, ಅದರ ಜೊತೆ 56 ಕೆಜಿ ಸುಟ್ಟ ಸುಣ್ಣಕ್ಕೆ 44 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗತ್ತೆ ಅನ್ನೋದೂ ನೆನಪಿರ್ಲಿ. ಅದಕ್ಕೇ ತಂದ ಸುಣ್ಣ ಚೀಲದಲ್ಲೇ ಸಾಯೋಕೆ ಬಿಡೋದು ನಿಜವಾದ ದಂಡ.

ತೊಟ್ಟಿ ಶುದ್ಧ ಆಯ್ತು, ಈಗ ದನ ನೀರೇ ಮುಟ್ತಿಲ್ಲ

ಸರಿಯಾಗಿ ತೊಳೆದಿಲ್ಲ. ಬೆಳಗ್ಗೆ ಗೋಣಿಚೀಲ ತೆಗೆದು ಸಡಿಲ ಸುಣ್ಣ ಎಲ್ಲ ತಿಕ್ಕಿ ತೆಗೆದು ಎರಡು ಸಲ ನೀರು ತುಂಬಿಸಿ ಬಿಡ್ಬೇಕು. ಮೂರನೇ ಸಲ ತುಂಬಿದ ನೀರಲ್ಲಿ ಅರಿಶಿನದ ಪರೀಕ್ಷೆ ಮಾಡಿ, ಇಲ್ಲಿ ಮಾತ್ರ ಅರಿಶಿನ ಬಲು ಉಪಯೋಗ, ಅಂಗೈ ಮೇಲೆ ಚಿಟಿಕೆ ಅರಿಶಿನಕ್ಕೆ ಆ ನೀರು ಬಿಟ್ರೆ ಹಳದಿಯಾಗೇ ಉಳೀಬೇಕು. ಕೆಂಪು ಛಾಯೆ ಬಂದ್ರೆ ಇನ್ನೊಂದ್ಸಲ ಖಾಲಿ ಮಾಡಿ. ಹೊರಗೆ ಬಿಟ್ಟ ಸುಣ್ಣದ ನೀರು ಹೊಳೆಗೋ ಮೀನಿರೋ ಹೊಂಡಕ್ಕೋ ಹೋಗದ ಹಾಗೆ ನೋಡ್ಕೊಳ್ಳಿ, ನಾವು ಗೊಬ್ಬರಗುಂಡಿಗೂ ಬಿಡಲ್ಲ, ಸಗಣಿ ಜೊತೆ ಸುಣ್ಣ ಸೇರಿದ್ರೆ ಅಮೋನಿಯಾ ಹಾರಿ ಗೊಬ್ಬರದ ಸಾರ ಹೋಗತ್ತೆ. ಅಂಗಳದ ಅಂಚಲ್ಲಿ ಸಣ್ಣ ಗುಂಡಿ ತೋಡಿದೀವಿ, ಅಲ್ಲಿ ನಿಂತು ಗಾಳಿ ಕುಡಿದು ಖಾರ ಇಳಿದ ಮೇಲೆ ಉಳಿದ ಬಿಳಿ ಗಸಿ ಕೆರೆದು ಅಡಿಕೆ ಮರದ ಬುಡಕ್ಕೆ ಹಾಕ್ತೀವಿ, ನಮ್ಮ ಹುಳಿ ಮಣ್ಣಿಗೆ ಅದು ಬೇಕಾಗಿರೋದೇ.